ಸೊಂಟದ ಸ್ಪೈನಲ್ ಸ್ಟೆನೋಸಿಸ್ ಇದ್ದವರಿಗೆ ಮನೆಯಲ್ಲೇ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಹತ್ತು ನಿಮಿಷ ನಿಂತರೆ ಸಾಕು, ಎರಡೂ ಕಾಲಿಗೆ ಮರಳಿನ ಮೂಟೆ ಕಟ್ಟಿದ ಹಾಗೆ ಭಾರ. ಮೀನಖಂಡದಲ್ಲಿ ಜೋಮು. ಕೂತರೆ ಎರಡು ನಿಮಿಷದಲ್ಲಿ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಿಹೋಗುತ್ತದೆ. ಎದ್ದು ನಡೆದರೆ ಮತ್ತೆ ಅದೇ. ಪಕ್ಕದಲ್ಲಿರುವವರಿಗೆ ಇದು ಅರ್ಥವೇ ಆಗುವುದಿಲ್ಲ. "ಕೂತಾಗ ಚೆನ್ನಾಗೇ ಇರ್ತೀರಲ್ಲ, ಸ್ವಲ್ಪ ಮನಸ್ಸು ಮಾಡಿ ನಡೀರಿ" ಅಂತಾರೆ. ನಾನೂ ಮನಸ್ಸು ಮಾಡಿ, ಹಲ್ಲು ಕಚ್ಚಿಕೊಂಡು ತಿಂಗಳುಗಟ್ಟಲೆ ನಡೆದೆ. ನಡೆಯುವ ದೂರ ಹೆಚ್ಚಾಗಲಿಲ್ಲ, ಕಡಿಮೆಯಾಯಿತು.

ನನಗೆ ಸೊಂಟದ ಸ್ಟೆನೋಸಿಸ್, ಅಂದರೆ ಬೆನ್ನುಮೂಳೆಯೊಳಗೆ ನರಗಳು ಹೋಗುವ ದಾರಿ ಇಕ್ಕಟ್ಟಾಗುವ ತೊಂದರೆ, ಇದೆ ಅಂತ ಗೊತ್ತಾಗಿ ಆರು ವರ್ಷ. ಈ ಆರು ವರ್ಷದಲ್ಲಿ ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ನೋವು ಬಂದ ಮೇಲೆ ಕೂರಬೇಡಿ, ನೋವು ಬರುವ ಮೊದಲೇ ಕೂತುಬಿಡಿ. ಕೇಳೋಕೆ ಸಣ್ಣ ಮಾತು. ಆದರೆ ಅದನ್ನು ನಡಿಗೆಗೆ, ಅಡುಗೆಗೆ, ಸ್ನಾನಕ್ಕೆ, ನಿದ್ದೆಗೆ ಹೊಂದಿಸಿಕೊಳ್ಳೋಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸೊಂಟದ ಸ್ಟೆನೋಸಿಸ್ ಬಗ್ಗೆ ಮಾತ್ರ. ಕುತ್ತಿಗೆಯಲ್ಲಿ ದಾರಿ ಇಕ್ಕಟ್ಟಾದರೆ ಅಲ್ಲಿ ಒತ್ತಡ ಬೀಳುವುದು ಬೆನ್ನುಹುರಿಯ ಮೇಲೆಯೇ, ಅದರ ಲೆಕ್ಕ ಬೇರೆ. ಅಂಗಿ ಗುಂಡಿ ಹಾಕುವಾಗ ಬೆರಳು ತಡವರಿಸುವುದು, ಕೈಬರಹ ಕೆಡುವುದು, ನಡೆಯುವಾಗ ತೂರಾಡುವುದು ಇದ್ದರೆ ಇಲ್ಲಿನ ವ್ಯಾಯಾಮ ಮಾಡುತ್ತಾ ಕೂರಬೇಡಿ. ಬೇಗ ಸ್ಪೈನ್ ಡಾಕ್ಟರ್ ಹತ್ತಿರ ಹೋಗಿ. ಕುತ್ತಿಗೆಯನ್ನು ಯಾರ ಕೈಗೂ ಲಟಕ್ ಅನ್ನಿಸೋಕೆ ಕೊಡಬೇಡಿ.

ಒಳಗೆ ಏನಾಗಿದೆ?

ಬೆನ್ನುಮೂಳೆಯ ಒಳಗೆ ಕೊಳವೆಯಂಥ ಒಂದು ದಾರಿ ಇದೆ. ಬೆನ್ನುಹುರಿ ಅದರಲ್ಲಿ ಇಳಿದು ಬಂದು ಸೊಂಟದ ಒಂದನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಹಾಗೆ ನರಗಳ ಗೊಂಚಲು ಹೋಗುತ್ತದೆ. ಕಾಲಿಗೆ, ಮೂತ್ರಕೋಶಕ್ಕೆ, ಮಲದ್ವಾರಕ್ಕೆ ಹೋಗುವ ನರಗಳು ಇವೇ. ವಯಸ್ಸಾಗುತ್ತಾ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಒಣಗಿ ತಗ್ಗಿ ಹಿಂದಕ್ಕೆ ಉಬ್ಬುತ್ತದೆ. ಹಿಂಭಾಗದ ಚಿಕ್ಕ ಕೀಲುಗಳು ಸವೆದು ದಪ್ಪಗಾಗುತ್ತವೆ. ಮೂಳೆಗಳನ್ನು ಹಿಂದಿನಿಂದ ಹಿಡಿದಿಟ್ಟಿರುವ ಪಟ್ಟಿ ಬಾತು ಒಳಕ್ಕೆ ಮಡಿಚಿಕೊಳ್ಳುತ್ತದೆ. ಎಲ್ಲಾ ಕಡೆಯಿಂದ ಆ ದಾರಿ ಒತ್ತುವರಿಯಾಗುತ್ತದೆ. ಸೊಂಟದ ಐದು ಮೂಳೆಗಳಲ್ಲಿ ನಾಲ್ಕನೆಯದು ಮತ್ತು ಐದನೆಯದರ ನಡುವೆ ಇದು ಜಾಸ್ತಿ ಆಗುತ್ತದೆ, ರಿಪೋರ್ಟಿನಲ್ಲಿ ಎಲ್4-ಎಲ್5 ಅಂತ ಇರುವುದು ಅದೇ ಜಾಗ. ಸಾಮಾನ್ಯವಾಗಿ 50 ದಾಟಿದ ಮೇಲೆ, ಅದರಲ್ಲೂ 60ರ ನಂತರ ಇದು ಕಾಣಿಸಿಕೊಳ್ಳುತ್ತದೆ. ನೆದರ್‌ಲ್ಯಾಂಡ್ಸ್‌ನ ನರಶಸ್ತ್ರವೈದ್ಯ ಹೆಂಕ್ ವೆರ್ಬಿಸ್ಟ್ 1954ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು: ನಿಂತರೆ, ನಡೆದರೆ ಕಾಲು ನೋವು ಮತ್ತು ಜೋಮು, ಮಲಗಿದರೆ ಮಾಯ. ಅದನ್ನು ಮೊದಲ ಸಲ ಓದಿದಾಗ ಯಾರೋ ನನ್ನನ್ನೇ ನೋಡಿ ಬರೆದಿದ್ದಾರೆ ಅನ್ನಿಸಿತು.

ಈಗ ಮುಖ್ಯ ವಿಷಯ. ಈ ದಾರಿಯ ಅಗಲ ಯಾವಾಗಲೂ ಒಂದೇ ಥರ ಇರುವುದಿಲ್ಲ. ಸೊಂಟವನ್ನು ಹಿಂದಕ್ಕೆ ಬಾಗಿಸಿದರೆ ಆ ಪಟ್ಟಿ ಇನ್ನಷ್ಟು ಒಳಕ್ಕೆ ಮಡಿಚಿ, ಡಿಸ್ಕ್ ಇನ್ನಷ್ಟು ಉಬ್ಬಿ, ಜಾಗ ಇನ್ನೂ ಕಿರಿದಾಗುತ್ತದೆ. ಮುಂದಕ್ಕೆ ಬಗ್ಗಿದರೆ ಪಟ್ಟಿ ಬಿಗಿಯಾಗಿ ಎಳೆದುಕೊಂಡು ಜಾಗ ತೆರೆದುಕೊಳ್ಳುತ್ತದೆ. ಇದನ್ನು ನೀವೇ ನೋಡಬಹುದು. ಅಡುಗೆ ಕಟ್ಟೆಯ ಮುಂದೆ ನೆಟ್ಟಗೆ ನಿಲ್ಲಿ. ಕಾಲಲ್ಲಿ ಭಾರ ಶುರುವಾಗುತ್ತಿದ್ದ ಹಾಗೇ ಎರಡೂ ಮೊಣಕೈಗಳನ್ನು ಕಟ್ಟೆಯ ಮೇಲೆ ಊರಿ, ಬೆನ್ನು ಸಡಿಲ ಬಿಟ್ಟು ಮುಂದಕ್ಕೆ ವಾಲಿ. ಒಂದೆರಡು ನಿಮಿಷದಲ್ಲಿ ಕಾಲು ಹಗುರವಾದರೆ ನಿಮ್ಮ ಮೈಯೇ ನಿಮಗೆ ದಾರಿ ತೋರಿಸುತ್ತಿದೆ ಅಂತ ಅರ್ಥ. ತಳ್ಳುಗಾಡಿ ಹಿಡಿದು ವಾಲಿಕೊಂಡು ನಡೆದರೆ ಎಷ್ಟು ದೂರ ಬೇಕಾದರೂ ಹೋಗಬಲ್ಲೆ, ಕೈಬೀಸಿಕೊಂಡು ನಡೆದರೆ ಆಗಲ್ಲ ಅನ್ನುವವರು ಇದಕ್ಕೇ ಹಾಗೆ ಹೇಳುವುದು.

ಇದು ಸ್ಟೆನೋಸಿಸ್ಸೇ ಹೌದಾ?

ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಮೀನಖಂಡ ಹಿಡಿಯುತ್ತದೆ. ವ್ಯತ್ಯಾಸ ಇಷ್ಟು: ರಕ್ತನಾಳದ ತೊಂದರೆಯಾದರೆ ಸುಮ್ನೆ ನಿಂತರೂ ನೋವು ಇಳಿಯುತ್ತದೆ, ಸೈಕಲ್ ತುಳಿದರೂ ನೋವು ಬರುತ್ತದೆ. ಸ್ಟೆನೋಸಿಸ್ ಆದರೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಬಗ್ಗಬೇಕು. ಸೈಕಲ್ ಮೇಲೆ ಬಗ್ಗಿ ಕೂತು ತುಳಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೂತಾಗಲೂ ಮಲಗಿದಾಗಲೂ ಪಾದ ಉರಿಯುತ್ತಿದ್ದರೆ ಸಕ್ಕರೆ ಕಾಯಿಲೆಯ ನರದೌರ್ಬಲ್ಯ ಅಥವಾ ಬಿ12 ಕೊರತೆ ಇರಬಹುದು. ತೊಡೆಸಂದಿಯಲ್ಲಿ ನೋವಿದ್ದರೆ ಸೊಂಟದ ಕೀಲಿನ ಸವೆತವನ್ನೂ ನೋಡಬೇಕು. ಎರಡು ಮೂರು ಒಟ್ಟಿಗೇ ಇರುವುದೂ ಉಂಟು. ಅದಕ್ಕೇ ಡಾಕ್ಟರ್ ಒಂದು ಸಲ ಕಾಲಿನ ನಾಡಿ, ಬಲ, ಸ್ಪರ್ಶ ಎಲ್ಲ ಪರೀಕ್ಷೆ ಮಾಡಿದ ಮೇಲೇ ಮನೆಯ ಉಪಾಯ ಶುರು ಮಾಡಿ.

ಎಂಆರ್‌ಐ ರಿಪೋರ್ಟ್ ಓದಿ ಹೆದರಬೇಡಿ. "ತೀವ್ರ" ಅಂತ ಬರೆದಿದ್ದನ್ನು ನೋಡಿ ನಾನು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆಮೇಲೆ ಗೊತ್ತಾಯಿತು, 1990ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು, 60 ದಾಟಿದವರಲ್ಲಿ ಶೇಕಡ 21ರಷ್ಟು ಜನರಿಗೆ ಸ್ಟೆನೋಸಿಸ್ ಕಂಡಿತ್ತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಚಿತ್ರ ಏನು ಹೇಳುತ್ತದೆ ಅನ್ನುವುದಕ್ಕಿಂತ ನೀವು ಎಷ್ಟು ನಿಮಿಷ ನಡೆಯಬಲ್ಲಿರಿ ಅನ್ನುವುದು ದೊಡ್ಡದು. ಸಾಧಾರಣ ಮಟ್ಟದ ಸ್ಟೆನೋಸಿಸ್ ಇರುವ ಬಹಳಷ್ಟು ಜನರು ವರ್ಷಗಟ್ಟಲೆ ಹೆಚ್ಚುಕಮ್ಮಿ ಅದೇ ಸ್ಥಿತಿಯಲ್ಲಿರುತ್ತಾರೆ, ಕೆಲವರಿಗೆ ಕಡಿಮೆಯೂ ಆಗುತ್ತದೆ.

ಇವು ಕಂಡರೆ ಮನೆಯಲ್ಲಿ ಕಾಯಬೇಡಿ

ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ, ಅಂದರೆ ತೊಡೆಸಂದು ಮತ್ತು ಮಲದ್ವಾರದ ಸುತ್ತ, ಸ್ಪರ್ಶ ಗೊತ್ತಾಗದೆ ಇರುವುದು. ಮೂತ್ರ ಕಟ್ಟಿಕೊಳ್ಳುವುದು, ಬಂದದ್ದೇ ಗೊತ್ತಾಗದಿರುವುದು ಅಥವಾ ತಡೆಯೋಕೆ ಆಗದಿರುವುದು. ಮಲ ಹಿಡಿತ ತಪ್ಪುವುದು. ಎರಡೂ ಕಾಲು ಇದ್ದಕ್ಕಿದ್ದ ಹಾಗೆ ಸೋಲುವುದು. ಇವು ಕುದುರೆ ಬಾಲದ ನರಗಳೆಲ್ಲ ಒಟ್ಟಿಗೇ ಒತ್ತಿಕೊಂಡಿರುವ ಸೂಚನೆ, ಅದೇ ದಿನ, ಅದೇ ಗಂಟೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬೆಳಿಗ್ಗೆ ನೋಡೋಣ ಅನ್ನಬೇಡಿ, ತಡವಾದರೆ ಶಾಶ್ವತವಾಗಿ ಉಳಿದುಬಿಡುವ ತೊಂದರೆ ಇದು. ಮುಜುಗರ ಪಟ್ಟುಕೊಂಡು ಮೂತ್ರದ ವಿಷಯ ಮನೆಯವರ ಹತ್ತಿರವೂ ಮುಚ್ಚಿಡುವವರಿದ್ದಾರೆ. ದಯವಿಟ್ಟು ಮುಚ್ಚಿಡಬೇಡಿ.

ಪಾದ ಎತ್ತೋಕಾಗದೆ ಚಪ್ಪಲಿ ನೆಲಕ್ಕೆ ಎಳೆದ ಹಾಗೆ ಆಗುತ್ತಿದ್ದರೆ, ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಒಂದೆರಡು ದಿನದಲ್ಲೇ ತೋರಿಸಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಮಲಗಿದರೂ ಇಳಿಯದ ರಾತ್ರಿ ನೋವು, ಬಿದ್ದ ಮೇಲೆ ಶುರುವಾದ ನೋವು, ಇವಕ್ಕೂ ಹಾಗೇ.

ಹಂತ 1: ಮೂರು ದಿನ ಬರೀ ಬರೆದಿಡಿ

ಏನನ್ನೂ ಬದಲಾಯಿಸಬೇಡಿ, ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ ಅಷ್ಟೇ. ಎಷ್ಟು ನಿಮಿಷ ನಡೆದಾಗ ಕಾಲಿನಲ್ಲಿ ಮೊದಲ ಸುಳಿವು ಸಿಕ್ಕಿತು, ಎಷ್ಟು ನಿಮಿಷ ನಿಂತಾಗ, ಕೂತ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು. ಮೊದಲ ಸುಳಿವು ಅಂದರೆ ನೋವಲ್ಲ. ನೋವಿಗೆ ಮುಂಚೆ ಬಹಳ ಜನರಿಗೆ ಏನೋ ಒಂದು ಬರುತ್ತದೆ. ನನಗೆ ಎಡಗಾಲಿನ ಹೊರಬದಿಯಲ್ಲಿ, ಮೊಣಕಾಲಿನ ಕೆಳಗೆ, ಒದ್ದೆ ಬಟ್ಟೆ ಅಂಟಿದ ಹಾಗೆ ತಣ್ಣಗೆ ಅನ್ನಿಸುತ್ತದೆ. ಮುಟ್ಟಿ ನೋಡಿದರೆ ಒಣಗಿಯೇ ಇರುತ್ತದೆ. ಅದು ಬಂದ ಎರಡು ನಿಮಿಷಕ್ಕೆ ಸರಿಯಾಗಿ ಭಾರ ಶುರು. ಆ ತಣ್ಣನೆಯ ಗುರುತನ್ನು ಕಂಡುಹಿಡಿದ ದಿನ ನನಗೆ ಅರ್ಧ ಕಾಯಿಲೆ ಕೈಗೆ ಸಿಕ್ಕಿದ ಹಾಗಾಯಿತು. ನಿಮ್ಮ ಗುರುತು ಬೇರೆ ಇರಬಹುದು: ಪೃಷ್ಠದಲ್ಲಿ ಬಿಗಿತ, ಪಾದದಡಿ ಹತ್ತಿ ಮೆಟ್ಟಿದ ಹಾಗೆ, ತೊಡೆಯಲ್ಲಿ ಸೆಳೆತ. ಹುಡುಕಿ.

ಹಂತ 2: ನಡಿಗೆಯನ್ನು ತುಂಡು ಮಾಡಿ

ನಡಿಗೆ ನಿಲ್ಲಿಸಿದರೆ ಕಾಲಿನ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ಎದೆಯ ಕಸುವು ಇಳಿಯುತ್ತದೆ. ನೋವಿನ ಮೇಲೆ ಹಟ ಮಾಡಿ ನಡೆದರೆ ನರಗಳು ಕೆರಳಿ ಮಾರನೇ ದಿನವೂ ಕೂರಿಸಿಬಿಡುತ್ತವೆ. ಎರಡೂ ಬೇಡ. ಮಧ್ಯದ ದಾರಿ ಹೀಗಿದೆ.

ಮೊದಲ ಸುಳಿವು ಆರು ನಿಮಿಷಕ್ಕೆ ಬರುತ್ತದೆ ಅಂದುಕೊಳ್ಳಿ. ಮೊದಲ ವಾರ ನಾಲ್ಕು ನಿಮಿಷಕ್ಕೇ ಕೂತುಬಿಡಿ, ಕಾಲು ಚೆನ್ನಾಗಿದ್ದರೂ ಸರಿ. ಕೂರುವಾಗ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರಬೇಡಿ. ಕಾಲು ಅಗಲಿಸಿ, ಮೊಣಕೈ ತೊಡೆಯ ಮೇಲೆ ಊರಿ, ತಲೆ ಕೆಳಗೆ ಬಿಟ್ಟು, ಉಸಿರು ನಿಧಾನವಾಗಿ ಹೊರಗೆ ಬಿಡಿ. ಎರಡು ಮೂರು ನಿಮಿಷ. ನಿಧಾನವಾಗಿ ಎದ್ದು, ತಲೆ ತಿರುಗುತ್ತಿಲ್ಲ ಅಂತ ನೋಡಿಕೊಂಡು, ಮತ್ತೆ ನಾಲ್ಕು ನಿಮಿಷ. ಹೀಗೆ ನಾಲ್ಕು ಸುತ್ತು, ದಿನಕ್ಕೆ ಎರಡು ಸಲ. ಲೆಕ್ಕ ಹಾಕಿ, ಅರ್ಧ ಗಂಟೆಗಿಂತ ಜಾಸ್ತಿ ನಡೆದಿರುತ್ತೀರಿ, ಒಂದು ಸಲವೂ ನೋವು ಬರದೆ. ವಾರ ಪೂರ್ತಿ ಹೀಗೆ ಸಲೀಸಾಗಿ ಹೋದರೆ ಮುಂದಿನ ವಾರ ಸುತ್ತಿಗೆ ಅರ್ಧ ನಿಮಿಷ ಸೇರಿಸಿ. ಮಾರನೇ ಬೆಳಿಗ್ಗೆ ಕಾಲು ಹಿಡಿದಿದ್ದರೆ ಹಿಂದಿನ ವಾರದ ಲೆಕ್ಕಕ್ಕೆ ವಾಪಸ್. ಅದರಲ್ಲಿ ಸೋಲು ಅನ್ನುವುದೇನೂ ಇಲ್ಲ.

ಮನೆಯೊಳಗೇ ಶುರು ಮಾಡಿದರೆ ಒಳ್ಳೆಯದು. ಎರಡು ಕೋಣೆಯ ಎರಡು ಕೊನೆಯಲ್ಲಿ ಒಂದೊಂದು ಕುರ್ಚಿ ಇಟ್ಟರೆ ಸಾಕು. ಹೊರಗೆ ಹೋಗುವಾಗ ಕೂರುವ ಜಾಗ ಎಲ್ಲೆಲ್ಲಿ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಕಟ್ಟೆ, ಬೆಂಚು, ಮೆಟ್ಟಿಲು, ಯಾವುದಾದರೂ ಸರಿ. ಏನೂ ಇಲ್ಲದಿದ್ದರೆ ಗೋಡೆಗೆ ಅಥವಾ ಕಂಬಿಗೆ ಕೈ ಊರಿ ಮುಂದಕ್ಕೆ ವಾಲಿ, ಇಲ್ಲವೇ ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಬಗ್ಗಿ. ಯಾರೂ ತಿರುಗಿ ಕೂಡ ನೋಡುವುದಿಲ್ಲ.

ಇಳಿಜಾರಿನ ಬಗ್ಗೆ ಎಚ್ಚರ. ಏರು ಹತ್ತುವಾಗ ಮೈ ತಾನಾಗಿ ಮುಂದಕ್ಕೆ ಬಗ್ಗುತ್ತದೆ, ಉಸಿರು ಹತ್ತಿದರೂ ಕಾಲು ಕೇಳುತ್ತದೆ. ಇಳಿಯುವಾಗ ಬೆನ್ನು ಹಿಂದಕ್ಕೆ ವಾಲುತ್ತದೆ, ಆಗಲೇ ಕಾಲು ಕೈಕೊಡುವುದು. ಹಾಗಾಗಿ ವಾಪಸ್ ಬರುವ ದಾರಿ ಇಳಿಜಾರಾಗಿದ್ದರೆ ಅದಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಟ್ರೆಡ್‌ಮಿಲ್ ಇದ್ದವರು ಸ್ವಲ್ಪ ಏರು ಕೊಟ್ಟು, ಮುಂದಿನ ಕಂಬಿ ಹಿಡಿದು ನಡೆಯಬಹುದು.

ಐದು ನಿಮಿಷವೂ ನಡೆಯೋಕೆ ಆಗದವರಿಗೆ ಮುಂದಕ್ಕೆ ಚಲಿಸದ, ಕೂತು ತುಳಿಯುವ ವ್ಯಾಯಾಮದ ಸೈಕಲ್ ನಿಜಕ್ಕೂ ವರ. ಹ್ಯಾಂಡಲ್ ಮೇಲೆ ಸ್ವಲ್ಪ ವಾಲಿ ಕೂತರೆ ನರಗಳಿಗೆ ಜಾಗ ಸಿಗುತ್ತದೆ, ಎದೆಗೂ ಕಾಲಿಗೂ ಕೆಲಸ ಸಿಗುತ್ತದೆ. ಐದು ನಿಮಿಷದಿಂದ ಶುರು ಮಾಡಿ ನಿಧಾನವಾಗಿ ಇಪ್ಪತ್ತಕ್ಕೆ ಬನ್ನಿ. ಎದೆಮಟ್ಟದ ನೀರಿನಲ್ಲಿ ನಡೆಯುವುದೂ ಒಳ್ಳೆಯದು, ನೀರು ಮೈಭಾರ ಹೊರುತ್ತದೆ.

ಊರುಗೋಲು ಬೀಳದ ಹಾಗೆ ಕಾಯುತ್ತದೆ ನಿಜ, ಆದರೆ ಮುಂದಕ್ಕೆ ಬಗ್ಗಿಸುವುದಿಲ್ಲ, ಹಾಗಾಗಿ ಕಾಲಿನ ಭಾರಕ್ಕೆ ಅಷ್ಟಾಗಿ ಸಹಾಯವಿಲ್ಲ. ಚಕ್ರ ಮತ್ತು ಸೀಟು ಇರುವ ವಾಕರ್ ಬೇರೆಯೇ ವಿಷಯ. ವಾಲಿಕೊಂಡು ನಡೆಯಬಹುದು, ಸುಳಿವು ಬಂದ ಕಡೆ ಬ್ರೇಕ್ ಹಾಕಿ ಅದರ ಮೇಲೇ ಕೂರಬಹುದು. ಹಿಡಿಕೆ ಸಾಮಾನ್ಯವಾಗಿ ಮಣಿಕಟ್ಟಿನ ಎತ್ತರಕ್ಕೆ ಇಡುತ್ತಾರೆ, ನಮ್ಮಂಥವರಿಗೆ ಅದಕ್ಕಿಂತ ಒಂದು ಚೂರು ಕೆಳಗೆ ಹಿತ. ಫಿಸಿಯೋಥೆರಪಿಸ್ಟ್ ಎದುರಿಗೇ ಅಳತೆ ಸರಿಮಾಡಿಸಿಕೊಳ್ಳಿ. ವಾಕರ್ ಹಿಡಿಯೋಕೆ ನಾಚಿಕೆ ಅಂತ ಮನೆಯಲ್ಲೇ ಕೂತುಬಿಟ್ಟವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ.

ಹಂತ 3: ನಿಂತು ಮಾಡುವ ಕೆಲಸಗಳು

ನನ್ನ ಅನುಭವದಲ್ಲಿ ನಡಿಗೆಗಿಂತ ನಿಲ್ಲುವುದೇ ಕಷ್ಟ. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು, ಇಸ್ತ್ರಿ, ಸಾಲಿನಲ್ಲಿ ಕಾಯುವುದು.

ಸುಲಭದ ಉಪಾಯ ಒಂದು ಗಟ್ಟಿ ಕಾಲ್ಮಣೆ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, 15ರಿಂದ 20 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಸಿಂಕ್ ಮುಂದೆ ಇಟ್ಟು ಒಂದು ಪಾದ ಅದರ ಮೇಲಿಡಿ. ಕಾಲು ಮೇಲೆ ಹೋದ ಕೂಡಲೇ ಸೊಂಟದ ಹಿಂಬಾಗು ಕಡಿಮೆಯಾಗುವುದು ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಪಾದ ಬದಲಾಯಿಸಿ. ಸಿಂಕಿನ ಕೆಳಗೆ ಕಪಾಟಿದ್ದರೆ ಬಾಗಿಲು ತೆರೆದು ಅದರೊಳಗೇ ಪಾದ ಇಡಬಹುದು. ನಾನು ಪಾತ್ರೆಯನ್ನು ಈಗ ಎರಡು ಕಂತಿನಲ್ಲಿ ತೊಳೆಯುತ್ತೇನೆ: ಲೋಟ ತಟ್ಟೆ ಮುಗಿದ ಮೇಲೆ ಕೂರುವುದು, ಆಮೇಲೆ ದೊಡ್ಡ ಪಾತ್ರೆ. ಹೆಚ್ಚುವುದು, ಸೋಸುವುದು, ಬಟ್ಟೆ ಮಡಿಸುವುದು, ಇಸ್ತ್ರಿ, ಹಲ್ಲುಜ್ಜುವುದು, ಶೇವಿಂಗ್, ಇವೆಲ್ಲ ಕೂತು ಮಾಡುವ ಕೆಲಸಗಳು ಅಂತ ತೀರ್ಮಾನ ಮಾಡಿಬಿಡಿ.

ತಲೆಗಿಂತ ಮೇಲೆ ಕೈ ಚಾಚಿದರೆ ಸೊಂಟ ತಾನಾಗಿ ಹಿಂದಕ್ಕೆ ಬಾಗುತ್ತದೆ. ಮೇಲಿನ ಕಪಾಟಿನ ಡಬ್ಬಿಗಳನ್ನೆಲ್ಲ ಸೊಂಟದಿಂದ ಎದೆಮಟ್ಟದ ನಡುವಿನ ಜಾಗಕ್ಕೆ ಇಳಿಸಿ. ಬಟ್ಟೆ ಒಣಹಾಕುವ ತಂತಿಯನ್ನು ಭುಜದ ಮಟ್ಟಕ್ಕೆ ತನ್ನಿ. ಬಲ್ಬ್ ಬದಲಿಸುವುದು, ಜೇಡರ ಬಲೆ ತೆಗೆಯುವುದು ಬೇರೆಯವರು ಮಾಡಲಿ. ಮುಂದಕ್ಕೆ ಬಗ್ಗಿದರೆ ಹಿತ ಅಂತ ನೆಲದ ಮೇಲಿನ ಬಕೆಟ್ಟನ್ನು ಹಾಗೇ ಬಗ್ಗಿ ಎತ್ತಬೇಡಿ, ಭಾರ ಎತ್ತುವುದು ಬೇರೆ, ಸಡಿಲವಾಗಿ ವಾಲುವುದು ಬೇರೆ. ಮಂಡಿ ಮಡಿಸಿ, ವಸ್ತುವನ್ನು ಮೈಗೆ ಹತ್ತಿರ ತಂದುಕೊಂಡು ಎತ್ತಿ. ಅಥವಾ ಅರ್ಧರ್ಧ ಬಕೆಟ್ ಒಯ್ಯಿರಿ.

ಇನ್ನು ಕೂತರೆ ಹಿತ ಅಂತ ಇಡೀ ದಿನ ಕೂತೇ ಇರುವುದೂ ಸರಿಯಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ.

ಹಂತ 4: ವ್ಯಾಯಾಮ

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಬೆನ್ನುನೋವಿಗೆ ಅಂತ ಯಾವುದೋ ವಿಡಿಯೋ ನೋಡಿ, ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮವನ್ನು ಒಂದು ತಿಂಗಳು ಶ್ರದ್ಧೆಯಿಂದ ಮಾಡಿದೆ. ಮಾಡಿದಷ್ಟೂ ಕಾಲು ಕೆಟ್ಟಿತು. ಅದು ಡಿಸ್ಕ್ ಜಾರಿದ ಕೆಲವರಿಗೆ ಹೇಳಿಕೊಡುವ ವ್ಯಾಯಾಮ. ನಮ್ಮ ತೊಂದರೆಗೆ ಸಾಮಾನ್ಯವಾಗಿ ಅದು ನೇರ ಉಲ್ಟಾ. ಭುಜಂಗಾಸನ, ಉಷ್ಟ್ರಾಸನ, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗುವುದು, ಇಂಥವನ್ನೆಲ್ಲ ಬಿಟ್ಟುಬಿಡಿ. ಎರಡೂ ಕಾಲನ್ನು ಒಟ್ಟಿಗೆ ನೆಟ್ಟಗೆ ಎತ್ತುವುದೂ ಬೇಡ, ಆಗ ಸೊಂಟ ಕಮಾನಾಗುತ್ತದೆ.

ಇನ್ನೊಂದು ಎಚ್ಚರಿಕೆ. ಆಸ್ಟಿಯೊಪೊರೋಸಿಸ್ ಇದ್ದವರು, ಅಂದರೆ ಮೂಳೆ ಟೊಳ್ಳಾಗಿರುವವರು, ಜೋರಾಗಿ ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದರೆ ಬೆನ್ನಿನ ಮೂಳೆ ಕುಸಿಯುವ ಅಪಾಯ ಇದೆ. ಮೊದಲು ಡಾಕ್ಟರನ್ನು ಕೇಳಿ, ಫಿಸಿಯೋ ಎದುರಿಗೆ ಕಲಿತು ಮಾಡಿ.

ಬೆಳಿಗ್ಗೆ ಎದ್ದ ತಕ್ಷಣ ಬೇಡ. ರಾತ್ರಿಯಲ್ಲಿ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತದೆ. ಒಂದು ಗಂಟೆ ಕಳೆಯಲಿ. ಚಾಪೆಯ ಮೇಲೆ ಅಥವಾ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ.

ಮೊದಲನೆಯದು, ಮಂಡಿಯನ್ನು ಎದೆಗೆ ತರುವುದು. ತೊಡೆಯ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಮಂಡಿಯನ್ನು ನಿಧಾನವಾಗಿ ಎದೆ ಕಡೆಗೆ ಎಳೆದುಕೊಳ್ಳಿ. ಮಂಡಿಯ ಮೇಲೆ ಹಿಡಿದು ಎಳೆದರೆ ಮಂಡಿನೋವು ಇರುವವರಿಗೆ ಹಿಂಸೆ, ಅದಕ್ಕೇ ತೊಡೆ. ತಲೆ ಎತ್ತಬೇಡಿ. 20ರಿಂದ 30 ಸೆಕೆಂಡ್ ಹಾಗೇ ಇರಿ. ಒಂದೊಂದು ಕಾಲಿಗೆ ಮೂರು ಸಲ, ಆಮೇಲೆ ಒಂದಾದ ಮೇಲೊಂದರಂತೆ ತಂದು ಎರಡೂ ಮಂಡಿ ಒಟ್ಟಿಗೆ.

ಎರಡನೆಯದು ಚಿಕ್ಕದು, ಆದರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಸೊಂಟ ಮತ್ತು ನೆಲದ ನಡುವೆ ಅಂಗೈ ತೂರಿಸಿ. ಅಲ್ಲೊಂದು ಸಂದಿ ಇರುತ್ತದೆ. ಹೊಕ್ಕುಳನ್ನು ಒಳಕ್ಕೆ ಎಳೆದುಕೊಂಡು, ಆ ಸಂದಿ ಮುಚ್ಚಿ ಸೊಂಟ ಅಂಗೈಯನ್ನು ಒತ್ತುವ ಹಾಗೆ ಮಾಡಿ. ಉಸಿರು ಕಟ್ಟಬೇಡಿ. ಐದು ಸೆಕೆಂಡ್, ಹತ್ತು ಸಲ. ಇದು ಮಲಗಿ ರೂಢಿಯಾದ ಮೇಲೆ ಗೋಡೆಗೆ ಒರಗಿ ನಿಂತು ಮಾಡಿ, ಆಮೇಲೆ ನಡೆಯುವಾಗಲೂ ಸ್ವಲ್ಪ ಹಾಗೇ ಹಿಡಿದುಕೊಳ್ಳೋಕೆ ಬರುತ್ತದೆ. ಸಾಲಿನಲ್ಲಿ ನಿಂತಾಗ ಯಾರಿಗೂ ಕಾಣದ ಹಾಗೆ ಮಾಡಬಹುದಾದ ಉಪಾಯ ಇದೊಂದೇ.

ಮೂರನೆಯದು, ಹೀಗೇ ಹೊಟ್ಟೆ ಬಿಗಿಹಿಡಿದು ಒಂದೊಂದೇ ಪಾದವನ್ನು ನೆಲದಿಂದ ಒಂದು ಗೇಣು ಎತ್ತಿ ಇಳಿಸುವುದು, ಮಲಗಿಕೊಂಡೇ ನಡೆದ ಹಾಗೆ. ಸೊಂಟ ನೆಲ ಬಿಡಬಾರದು. ನಾಲ್ಕನೆಯದು ಪೃಷ್ಠ ಎತ್ತುವುದು: ಮೊದಲು ಸೊಂಟವನ್ನು ನೆಲಕ್ಕೆ ಒತ್ತಿ, ಅದೇ ಬಿಗಿಯಲ್ಲಿ ಪೃಷ್ಠವನ್ನು ಮೇಲೆತ್ತಿ, ಭುಜದಿಂದ ಮಂಡಿಗೆ ನೇರ ಗೆರೆ ಬರುವ ಮುಂಚೆಯೇ ನಿಲ್ಲಿಸಿ. ಎಂಟರಿಂದ ಹತ್ತು ಸಲ.

ಐದನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೂತು ಕೂತು ತೊಡೆಯ ಮೇಲ್ಭಾಗ, ಸೊಂಟದ ಮುಂಭಾಗದ ಸ್ನಾಯು ಗಿಡ್ಡವಾಗಿರುತ್ತದೆ. ಎದ್ದು ನಿಂತಾಗ ಅದು ಸೊಂಟವನ್ನು ಮುಂದಕ್ಕೆ ಜಗ್ಗಿ ಬೆನ್ನನ್ನು ಕಮಾನು ಮಾಡುತ್ತದೆ. ಅದನ್ನು ಸಡಿಲಿಸಬೇಕು. ಮಂಚದ ತುದಿಯಲ್ಲಿ ಅಂಗಾತ ಮಲಗಿ ಒಂದು ಮಂಡಿಯನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಳ್ಳಿ, ಇನ್ನೊಂದು ಕಾಲು ಮಂಚದ ಅಂಚಿನಿಂದ ಕೆಳಗೆ ಜೋತಾಡಲಿ. ಅಪ್ಪಿಕೊಂಡ ಮಂಡಿ ಸೊಂಟವನ್ನು ಕಾಯುತ್ತದೆ, ಜೋತ ಕಾಲು ಸ್ನಾಯುವನ್ನು ಎಳೆಯುತ್ತದೆ. 30 ಸೆಕೆಂಡ್. ಬೆನ್ನು ಎದ್ದರೆ ಮಂಡಿಯನ್ನು ಇನ್ನಷ್ಟು ಅಪ್ಪಿ.

ಕೊನೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಎಂಟು ಸಲ, ಕುರ್ಚಿ ಗೋಡೆಗೆ ಒತ್ತಿಕೊಂಡಿರಲಿ. ಮತ್ತೆ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು. ಪಾದಕ್ಕೆ ಸ್ಪರ್ಶ ಕಮ್ಮಿಯಾದವರು ಬೀಳುವುದು ಜಾಸ್ತಿ, ಈ ಅಭ್ಯಾಸ ಅದಕ್ಕೆ.

ಸ್ನಾಯು ಎಳೆದ ಹಾಗೆ ಆದರೆ ಪರವಾಗಿಲ್ಲ. ಕಾಲಿಗೆ ಜೋಮು ಇಳಿದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ. ಫಲ ಕಾಣೋಕೆ ಆರರಿಂದ ಎಂಟು ವಾರ ಬೇಕು.

ಹಂತ 5: ರಾತ್ರಿ

ಬೋರಲು ಮಲಗಬೇಡಿ. ಪಕ್ಕಕ್ಕೆ ಮಲಗಿ ಮಂಡಿ ಮಡಿಸಿ ಮಧ್ಯೆ ಒಂದು ದಿಂಬು ಇಟ್ಟುಕೊಳ್ಳಿ. ಅಂಗಾತವೇ ಬೇಕು ಅನ್ನುವವರು ಮಂಡಿಯ ಕೆಳಗೆ ಎರಡು ದಿಂಬು ಇಡಿ. ಏಳುವಾಗ ನೇರವಾಗಿ ಎದ್ದು ಕೂರದೆ, ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಕಾಲು ಕೆಳಗೆ ಬಿಟ್ಟು, ಕೈಯಿಂದ ಹಾಸಿಗೆ ಒತ್ತಿ ಏಳಿ. ಮಂಚದ ಅಂಚಿನಲ್ಲಿ ಅರ್ಧ ನಿಮಿಷ ಕೂತು ಆಮೇಲೆ ನಿಲ್ಲಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಪೂರ್ತಿ ಚಿಕ್ಕ ದೀಪ ಉರಿಯಲಿ, ನೆಲದ ಮೇಲೆ ಜಾರುವ ಚಾಪೆ, ವೈರು ಏನೂ ಇರಬಾರದು.

ಬಚ್ಚಲಿನಲ್ಲಿ ಕೂತು ಸ್ನಾನ ಮಾಡೋಕೆ ಗಟ್ಟಿ ಸ್ಟೂಲು, ಗೋಡೆಗೆ ಹಿಡಿಕೆ, ಕೆಳಗೆ ಜಾರದ ಮ್ಯಾಟ್. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ಜೋಮು ಹಿಡಿದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲಕ್ಕೂ ಇದೇ ಮಾತು: ಬಟ್ಟೆ ಸುತ್ತಿ, ಸೊಂಟಕ್ಕೆ ಮಾತ್ರ, 15ರಿಂದ 20 ನಿಮಿಷ, ಅದನ್ನಿಟ್ಟುಕೊಂಡು ನಿದ್ದೆ ಹೋಗಬೇಡಿ.

ಹಿಮ್ಮಡಿ ಎತ್ತರದ ಚಪ್ಪಲಿ ಸೊಂಟವನ್ನು ಕಮಾನು ಮಾಡುತ್ತದೆ. ಹಿಮ್ಮಡಿ ಹಿಡಿದು ನಿಲ್ಲಿಸುವ, ಮೆತ್ತಗಿನ, ಸಪಾಟಾದ ಷೂ ಒಳ್ಳೆಯದು.

ಮಾತ್ರೆ, ಬೆಲ್ಟ್, ಇಂಜೆಕ್ಷನ್

ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಮೊದಲ ಮಾತ್ರೆ, ಆದರೆ ನರದ ಈ ನೋವಿಗೆ ಅದರಿಂದ ದೊಡ್ಡ ಫಲ ನಿರೀಕ್ಷಿಸಬೇಡಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ, ವಯಸ್ಸಾದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ, ಬಿಪಿ, ಹೃದಯ ಎಲ್ಲದಕ್ಕೂ ಅಪಾಯ. ನರದ ನೋವಿಗೆ ಅಂತ ಗಾಬಾಪೆಂಟಿನ್, ಪ್ರೆಗಾಬಲಿನ್ ಕೊಟ್ಟಿದ್ದರೆ ಮೊದಲ ದಿನಗಳಲ್ಲಿ ತಲೆಸುತ್ತು, ಮಂಪರು ಬರಬಹುದು, ರಾತ್ರಿ ಏಳುವಾಗ ಜೋಪಾನ. ಇವನ್ನು ತಟ್ಟನೆ ನಿಲ್ಲಿಸಲೂಬಾರದು.

ಸೊಂಟದ ಬೆಲ್ಟ್ ಪ್ರಯಾಣಕ್ಕೋ ಒಂದೆರಡು ಗಂಟೆ ಕೆಲಸಕ್ಕೋ ಸರಿ. ಇಡೀ ದಿನ ಕಟ್ಟಿಕೊಂಡರೆ ಸ್ನಾಯು ಸೋಮಾರಿಯಾಗುತ್ತದೆ.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಕೆಲವರಿಗೆ ಸ್ವಲ್ಪ ದಿನ ಆರಾಮ ಸಿಗುತ್ತದೆ. 2014ರಲ್ಲಿ ಅಮೆರಿಕದಲ್ಲಿ 400 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಮರಗಟ್ಟಿಸುವ ಔಷಧಿಯ ಜೊತೆ ಸ್ಟೀರಾಯ್ಡ್ ಸೇರಿಸಿದ್ದರಿಂದ ಆರು ವಾರದ ಹೊತ್ತಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿಕೊಳ್ಳಿ.

ಕೆಟ್ಟ ದಿನ ಬಂದಾಗ

ಬರುತ್ತದೆ. ಮದುವೆ ಮನೆ, ಪ್ರಯಾಣ, ಮನೆ ಸ್ವಚ್ಛ ಮಾಡಿದ ಮಾರನೇ ದಿನ. ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು, ಸೊಂಟ ಮತ್ತು ಮಂಡಿ ಎರಡೂ ಚೌಕವಾಗಿ ಮಡಿಚಿರುವ ಹಾಗೆ ಹತ್ತು ನಿಮಿಷ ಇರಿ, ದಿನಕ್ಕೆ ಮೂರು ನಾಲ್ಕು ಸಲ. ನಡಿಗೆಯ ಲೆಕ್ಕವನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಒಂದೆರಡು ದಿನಕ್ಕಿಂತ ಜಾಸ್ತಿ ಹಾಸಿಗೆ ಹಿಡಿದರೆ ವಾರಗಳ ಗಳಿಕೆ ಹೋಗುತ್ತದೆ. ಎರಡು ವಾರವಾದರೂ ಹಿಂದಿನ ಮಟ್ಟಕ್ಕೆ ಬರದಿದ್ದರೆ ಡಾಕ್ಟರಿಗೆ ತೋರಿಸಿ.

ಆಪರೇಷನ್ ಮಾತು ಬಂದಾಗ

ಇಷ್ಟೆಲ್ಲ ಮೂರು ತಿಂಗಳಾದರೂ ಸರಿಯಾಗಿ ಮಾಡಿದ ಮೇಲೂ ನಾಲ್ಕು ಹೆಜ್ಜೆ ನಡೆಯೋಕೆ ಆಗುತ್ತಿಲ್ಲ ಅಂದರೆ (ಕಾಲಿನ ಬಲ ಇಳಿಯುತ್ತಿದ್ದರೆ ಮೂರು ತಿಂಗಳು ಕಾಯಬೇಡಿ) ಆಪರೇಷನ್ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿ. ಒತ್ತುತ್ತಿರುವ ಮೂಳೆಯ ಹಿಂಭಾಗ ಮತ್ತು ಪಟ್ಟಿಯನ್ನು ತೆಗೆದು ನರಗಳಿಗೆ ಜಾಗ ಮಾಡುತ್ತಾರೆ. ಮೂಳೆ ಜಾರಿದ್ದರೆ ಕೆಲವೊಮ್ಮೆ ಸ್ಕ್ರೂ ಹಾಕಿ ಬೆಸೆಯುತ್ತಾರೆ, ಅದು ದೊಡ್ಡ ಆಪರೇಷನ್. ಹಾಗಾಗಿ "ಬರೀ ಜಾಗ ಮಾಡಿದರೆ ಸಾಲದೇ, ಬೆಸೆಯಲೇಬೇಕಾ, ಯಾಕೆ?" ಅಂತ ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ಕಾಲಿನ ನೋವು, ಭಾರಕ್ಕೆ ಒಳ್ಳೆಯ ಫಲ ಸಿಗುತ್ತದೆ. ಬೆನ್ನುನೋವಿಗೆ ಅಷ್ಟು ಖಾತ್ರಿ ಇಲ್ಲ, ಹಳೆಯ ಜೋಮು ಪೂರ್ತಿ ಹೋಗದೆಯೂ ಇರಬಹುದು.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಪರೇಷನ್‌ಗೆ ಒಪ್ಪಿದ್ದ 169 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟರು. ಎರಡು ವರ್ಷದ ನಂತರ ಎರಡೂ ಗುಂಪಿನ ಓಡಾಟದ ಶಕ್ತಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿತ್ತು. ಆದರೆ ಫಿಸಿಯೋ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನ ಮಧ್ಯದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು ಅನ್ನುವುದನ್ನೂ ಮರೆಯಬಾರದು. ನನಗೆ ಇದರಿಂದ ಅರ್ಥವಾದದ್ದು, ಬಲ ಇಳಿಯುತ್ತಿಲ್ಲದಿದ್ದರೆ ಮೊದಲು ವ್ಯಾಯಾಮಕ್ಕೆ ಒಂದು ನ್ಯಾಯವಾದ ಅವಕಾಶ ಕೊಡಬಹುದು, ಆಮೇಲೆ ಆಪರೇಷನ್ ಬೇಕಾದರೆ ಅದರಲ್ಲಿ ತಪ್ಪೇನೂ ಇಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಎಂಆರ್‌ಐ ಜೊತೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ. "ನಡೆಯೋಕೆ ಆಗಲ್ಲ ಡಾಕ್ಟ್ರೇ" ಅನ್ನುವುದಕ್ಕಿಂತ "ಮಾರ್ಚ್‌ನಲ್ಲಿ ಎಂಟು ನಿಮಿಷ ನಡೀತಿದ್ದೆ, ಈಗ ಮೂರು" ಅಂದರೆ ಅವರಿಗೆ ಕೂಡಲೇ ಚಿತ್ರ ಸಿಗುತ್ತದೆ. ಆಪರೇಷನ್ ಆದ ಮೇಲೂ ಆ ಪುಸ್ತಕ ಎಸೆಯಬೇಡಿ. ಮೊದಲ ದಿನಗಳ ನಡಿಗೆ ಮತ್ತೆ ಎರಡು ನಿಮಿಷ, ಮೂರು ನಿಮಿಷದಿಂದಲೇ ಶುರುವಾಗುತ್ತದೆ.